ಸಿಂಗಪುರದಿಂದ ಬಂದ ನೀಲಿ ಸೂಟ್‌ಕೇಸ್

೧೯೭೮ನೇ ಇಸವಿ ಮೇ ಇಪ್ಪತ್ತೆರಡು, ಸೋಮವಾರ. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ರಾಜಾಜಿನಗರದ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರು ತಂದವರು ಎರಡನೇ ಬ್ಲಾಕಿನ ಅಲಮೇಲಮ್ಮ. ಅವರ ಹಿಂದೆ ಅವರ ಯಜಮಾನರು ವೆಂಕಟಗಿರಿ, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು, ಛತ್ರಿ ಊರಿಕೊಂಡು ಬಂದು ಬೆಂಚಿನ ಮೇಲೆ ಕೂತರು.

ಇನ್ಸ್‌ಪೆಕ್ಟರ್ ಚನ್ನವೀರಪ್ಪನವರಿಗೆ ಸೋಮವಾರ ಬೆಳಿಗ್ಗೆ ಬರುವ ದೂರುಗಳೆಂದರೆ ಸೈಕಲ್ ಕಳವು, ನಲ್ಲಿ ನೀರಿನ ಜಗಳ, ಬಿಟ್ಟರೆ ಬಿನ್ನಿಪೇಟೆಯ ಕಡೆ ಭಾನುವಾರದ ಕುಡಿತ. ಹಾಗಾಗಿ ಅಲಮೇಲಮ್ಮನವರ ಮೊದಲ ಮಾತಿಗೇ ಅವರು ಪೆನ್ನು ಕೆಳಗಿಟ್ಟರು.

"ನನ್ನ ಸೂಟ್‌ಕೇಸ್ ಕಳುವಾಗಿದೆ ಸಾರ್. ಸಿಂಗಪುರದಿಂದ ತಂದದ್ದು."

"ಸಿಂಗಪುರದಲ್ಲಿ ಕಳುವಾಯ್ತಾ?"

"ಅಲ್ಲಿ ಆಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ? ಅಷ್ಟು ದೂರದಿಂದ ಎರಡು ವಿಮಾನ ಹತ್ತಿ ಇಳಿದು ಬಂತು, ಏನೂ ಆಗ್ಲಿಲ್ಲ. ನಮ್ಮ ರಾಮಮಂದಿರದ ಮುಂದೆ ಕಳುವಾಯ್ತು."

ವಿಷಯ ಇಷ್ಟು. ಪುಷ್ಪಕ ಪ್ರವಾಸ ಸಂಘ ಎಂಬ ಹೆಸರಿನಲ್ಲಿ ಜಗನ್ನಾಥ ಎನ್ನುವವರು ಬಡಾವಣೆಯ ಹದಿನೆಂಟು ಜನರನ್ನು ಸಿಂಗಪುರಕ್ಕೆ ಕರೆದುಕೊಂಡು ಹೋಗಿದ್ದರು. ಹೋಗುವಾಗ ಮದ್ರಾಸಿನ ತನಕ ರೈಲು, ಅಲ್ಲಿಂದ ವಿಮಾನ. ಬರುವಾಗ ಪೂರ್ತಿ ವಿಮಾನ. ಭಾನುವಾರ ಸಂಜೆ ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿದು, ಬಾಡಿಗೆ ವ್ಯಾನಿನಲ್ಲಿ ರಾಮಮಂದಿರಕ್ಕೆ ಬಂದರು. ಅಲ್ಲಿ ನೂರಾರು ಜನ ಹಾರ ಹಿಡಿದು ಕಾದಿದ್ದರು. ಆರತಿ ಆಯಿತು, ಫೋಟೋ ಆಯಿತು, ಪಾನಕ ಆಯಿತು. ಎಲ್ಲ ಮುಗಿದು ನೋಡಿದರೆ ಅಲಮೇಲಮ್ಮನವರ ಪೆಟ್ಟಿಗೆ ಇಲ್ಲ.

"ಒಳಗೆ ಏನೇನಿತ್ತು?"

"ಒಂದು ಗಿಳಿಹಸಿರು ನೈಲಾನ್ ಸೀರೆ. ಮೂರು ಮಡಿಕೆ ಆಗೋ ಛತ್ರಿ. ಟಾರ್ಚು, ಪೆನ್ನುಗಳು, ಚಾಕೊಲೇಟು. ಅವೆಲ್ಲ ಹೋಗ್ಲಿ ಬಿಡಿ. ಕಿವಿ ಮಿಶನ್ ಒಂದು ಸಿಗ್ಲಿ ಸಾರ್. ಇವರದ್ದು."

ಅವರು ಬೆಂಚಿನ ಕಡೆ ಕೈ ತೋರಿಸಿದರು. ವೆಂಕಟಗಿರಿಯವರು ಗೋಡೆಯ ಮೇಲಿನ ಗಡಿಯಾರ ನೋಡುತ್ತ ನಗುಮುಖದಿಂದ ಕೂತಿದ್ದರು.

"ಮೂರು ವರ್ಷದಿಂದ ಒಂದಕ್ಷರ ಕೇಳ್ಸಲ್ಲ. ಇಲ್ಲಿ ಸಿಗೋ ಮಿಶನ್ನು ಜೇಬಿನಲ್ಲಿ ಡಬ್ಬಿ, ಎದೆ ಮೇಲೆ ವೈರು. ಅದನ್ನ ಹಾಕ್ಕೊಂಡ್ರೆ ಊರೆಲ್ಲ ಕಿವುಡ ಅನ್ನುತ್ತೆ ಅಂತ ಹಟ. ಈಗ ಊರೆಲ್ಲ ಏನನ್ನುತ್ತೆ ಅಂತ ಇವರಿಗೆ ಕೇಳಿಸೋದಿಲ್ಲವಲ್ಲ! ಅಲ್ಲಿ ಕಿವಿ ಹಿಂದೆ ಇಟ್ಕೊಳ್ಳೋ ಪುಟ್ಟದು ಸಿಕ್ತು. ಅದಕ್ಕೋಸ್ಕರವೇ ನಾನು ಹೋಗಿದ್ದು ಸಾರ್, ಊರು ನೋಡೋಕಲ್ಲ." ಅವರ ದನಿ ಸ್ವಲ್ಪ ಇಳಿಯಿತು. "ಮೂವತ್ತೆಂಟು ವರ್ಷ ದಿನಾ ಜಗಳ ಆಡ್ಕೊಂಡು ಬಂದವರು ನಾವು. ಈಗ ನಾನೊಬ್ಬಳೇ ಆಡಬೇಕು. ಎಷ್ಟು ಬೇಜಾರು ಅಂತ ನಿಮಗೆ ಗೊತ್ತಾಗಲ್ಲ."

"ಏನಂತೆ? ಸಿಕ್ತಂತಾ?" ಎಂದು ವೆಂಕಟಗಿರಿ ಕೇಳಿದರು. ತಮ್ಮ ದನಿಯೂ ತಮಗೆ ಕೇಳಿಸದ ಕಾರಣ ಅವರ ಪ್ರಶ್ನೆ ಠಾಣೆಯ ಆಚೆ ಟೀ ಅಂಗಡಿಯವನಿಗೂ ಮುಟ್ಟಿತು. ಟೀ ಅಂಗಡಿಯವನು ಇನ್ನೂ ಇಲ್ಲ ಎಂದು ಕೈ ಆಡಿಸಿದ.

ಹನ್ನೊಂದೂಕಾಲಿಗೆ ಭಾರತ ದಂಡ ಸಂಹಿತೆಯ ೩೭೯ನೇ ಕಲಂ ಪ್ರಕಾರ ಎಫ್.ಐ.ಆರ್. ದಾಖಲಾಯಿತು. ಚನ್ನವೀರಪ್ಪನವರಿಗೆ ಕೊಲೆ ಕೇಸುಗಳಲ್ಲೂ ಇಂಥ ಅವಸರ ಆದದ್ದು ಕಡಿಮೆ. ಅವರ ಮನೆಯಲ್ಲಿ ಜಗಳಕ್ಕೆ ಬರವಿರಲಿಲ್ಲ, ಆದರೂ ಆ ಹೆಂಗಸಿನ ಸಂಕಟ ಅವರಿಗೆ ಚೆನ್ನಾಗಿ ಅರ್ಥವಾಯಿತು. ಮಿಶನ್ನು ಯಾವ ಪೋಕರಿಯ ಕೈಗೆ ಸಿಕ್ಕಿ, ಇದೇನು ರೇಡಿಯೋ ಎಂದು ಬಿಚ್ಚಿ ಹಾಕುತ್ತಾನೋ ಎಂಬ ಭಯವೂ ಆಯಿತು.

ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ವೆಂಕಟಸ್ವಾಮಿ, ಕಾನ್‌ಸ್ಟೇಬಲ್ ಮುನಿಯಪ್ಪ ಇಬ್ಬರನ್ನೂ ಕರೆದುಕೊಂಡು ಹೋಗಿ ರಾಮಮಂದಿರದ ಮುಂದೆ ಸ್ಥಳ ಪಂಚನಾಮೆ ಮಾಡಿಸಿದರು. ಅಲ್ಲಿ ಸಿಕ್ಕಿದ್ದು ಬಾಡಿದ ಹೂವು, ಪಾನಕದ ಲೋಟ, ಯಾರದೋ ಒಂದು ಚಪ್ಪಲಿ. ಜಗನ್ನಾಥ ಓಡಿ ಬಂದರು. ನಡುವಯಸ್ಸಿನ ಗುಂಡು ಮನುಷ್ಯ, ಮಾತಿಗೆ ಮುಂಚೆ ಬೆವರುವವರು.

"ಪೆಟ್ಟಿಗೆ ಯಾವ ಬಣ್ಣ?" ಎಂದು ಚನ್ನವೀರಪ್ಪ ಕೇಳಿದರು.

"ನೀಲಿ ಸಾರ್."

"ಬೇರೆಯವರದು?"

"ಎಲ್ಲಾರದೂ ನೀಲಿನೇ. ಚಿಕ್ಕಪೇಟೇಲಿ ಹೋಲ್‌ಸೇಲಾಗಿ ತಗೊಂಡೆ. ಒಂದೇ ಸೈಜು, ಒಂದೇ ಕಂಪನಿ. ಗ್ರೂಪು ಅಂದ್ಮೇಲೆ ಒಂದು ಶಿಸ್ತು ಇರಬೇಕಲ್ಲ."

"ಬೀಗ?"

"ಅದೂ ಒಂದೇ ಕೀ ಸಾರ್. ಒಬ್ಬರದು ಕಳೆದ್ರೆ ಇನ್ನೊಬ್ಬರದು ಆಗುತ್ತೆ. ತುಂಬಾ ಅನುಕೂಲ ಆಯ್ತು."

ಚನ್ನವೀರಪ್ಪ ಅದನ್ನೂ ಬರೆದುಕೊಂಡರು. "ಕಳ್ಳನಿಗೂ ಅನುಕೂಲ ಆಯ್ತು," ಎಂದರು.

ಪೆಟ್ಟಿಗೆಗೆ ಕಟ್ಟಿದ್ದ ಹೆಸರಿನ ಚೀಟಿಗಳು ವ್ಯಾನಿನ ಮೇಲಿನ ಹಗ್ಗದ ಎಳೆದಾಟದಲ್ಲಿ ಅರ್ಧಕ್ಕರ್ಧ ಉದುರಿ ಹೋಗಿದ್ದವು. ಗುರುತಿಗೆ ಏನಾದರೂ ಉಂಟೇ ಎಂದು ಕೇಳಿದಾಗ ಜಗನ್ನಾಥ ಪಕ್ಕದಲ್ಲೇ ಇದ್ದ ತಮ್ಮ ಮನೆಗೆ ಕರೆದುಕೊಂಡು ಹೋಗಿ, ನಡುಮನೆಯಲ್ಲಿ ಸ್ಟೂಲಿನ ಮೇಲೆ ಇಟ್ಟಿದ್ದ ಪೆಟ್ಟಿಗೆ ತೋರಿಸಿದರು. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಒಂದು ಅಡ್ಡಗೀಟು, ಅದರ ಕೆಳಗೆ ಯಾರದೋ ಸೊಟ್ಟ ಸಹಿ.

"ಮದ್ರಾಸಿನಲ್ಲಿ ಕಸ್ಟಮ್ಸ್‌ನವರು ತೆಗೆಸಿ ನೋಡಿ, ಆಯ್ತು ಅಂತ ಇದನ್ನ ಹಾಕ್ತಾರೆ. ಇದಿಲ್ಲದೆ ಆಚೆ ಬಿಡಲ್ಲ. ಒರೆಸಬೇಡಿ ಅಂತ ಮನೇಲಿ ಹೇಳಿದೀನಿ. ಫಾರಿನ್ನಿಗೆ ಹೋಗಿ ಬಂದದ್ದಕ್ಕೆ ಒಂದು ಗುರುತು ಬೇಡ್ವಾ ಸಾರ್?"

ಮಾರನೆಯ ದಿನ ಮಂಗಳವಾರ ಪೂರ್ತಿ ಮನೆಮನೆ ವಿಚಾರಣೆ. ಜಗನ್ನಾಥರ ಮಾತು ನಿಜವಾಗಿತ್ತು. ಪ್ರತಿ ಮನೆಯಲ್ಲೂ ನೀಲಿ ಪೆಟ್ಟಿಗೆ ದೇವರ ಪಟಕ್ಕಿಂತ ಮುಂದೆ ಕೂತಿತ್ತು, ಪ್ರತಿ ಪೆಟ್ಟಿಗೆಯ ಮೇಲೂ ಸೀಮೆಸುಣ್ಣದ ಗೀಟು ಜೋಪಾನವಾಗಿತ್ತು. ಒಬ್ಬರು ಅದರ ಮೇಲೆ ಪಾರದರ್ಶಕ ಕಾಗದ ಅಂಟಿಸಿದ್ದರು. ಪ್ರತಿ ಮನೆಯಲ್ಲೂ ಕಾಫಿ, ಬಣ್ಣದ ಕಾಗದ ಸುತ್ತಿದ ಚಾಕೊಲೇಟು. ಸಿಂಗಪುರ ಹೇಗಿತ್ತು ಎಂದರೆ ಎಲ್ಲರೂ ಹೇಳಿದ್ದು ಊಟದ ಕಷ್ಟವನ್ನೇ. ಸಾರಿನ ಪುಡಿ ಮೂರನೇ ದಿನ ಮುಗಿದದ್ದು, ನಾಲ್ಕನೇ ದಿನ ಒಂದು ತಮಿಳರ ಹೋಟೆಲು ಸಿಕ್ಕಿದ್ದು, ಅಲ್ಲಿ ರಸಂ ಕುಡಿದು ಒಬ್ಬರು ಅತ್ತದ್ದು. ಸಂಜೆಯ ಹೊತ್ತಿಗೆ ಮುನಿಯಪ್ಪನ ಎರಡೂ ಜೇಬು ಚಾಕೊಲೇಟಿನಿಂದ ತುಂಬಿ, ಬಿಸಿಲಿಗೆ ಕರಗಿ, ಖಾಕಿ ಬಟ್ಟೆಗೆ ಹತ್ತಿಕೊಂಡಿತ್ತು.

ಎಲ್ಲರೂ ಧಾರಾಳವಾಗಿ ಮಾತಾಡಿದರು. ಆದರೆ ಒಬ್ಬರ ವಿಷಯ ಬಂದಾಗ ಮಾತ್ರ ಎಲ್ಲರ ಮಾತೂ ಇದ್ದಕ್ಕಿದ್ದಂತೆ ಚಿಕ್ಕದಾಗುತ್ತಿತ್ತು. ಸೇತುರಾಮ. ಪೊಲೀಸರು ಇನ್ನೂ ಹೋಗದಿದ್ದ ಪ್ರಕಾಶನಗರದ ಒಂದು ವಠಾರದಲ್ಲಿ ಮನೆ, ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಇಪ್ಪತ್ತೈದು ವರ್ಷ ಕೆಲಸ ಮಾಡಿದ್ದಕ್ಕೆ ಕಾರ್ಖಾನೆಯ ಮಾಲೀಕರೇ ಖರ್ಚು ಕೊಟ್ಟು ಈ ಪ್ರವಾಸಕ್ಕೆ ಕಳಿಸಿದ್ದರು.

"ಸೇತುರಾಮನವರು ಹೇಗೆ?"

"ಒಳ್ಳೇ ಮನುಷ್ಯರು. ಎಲ್ಲಾ ಕಡೆ ನಮ್ಮ ಜೊತೇಲೇ ಇದ್ರು."

ಮೊದಲನೆಯ ಮನೆಯಲ್ಲಿ ಹೀಗೆ. ಐದನೆಯ ಮನೆಯಲ್ಲೂ ಹೀಗೆ. ಏಳನೆಯ ಮನೆಯಲ್ಲೂ ಅಕ್ಷರ ಹೆಚ್ಚುಕಡಿಮೆ ಇಲ್ಲದೆ ಇದೇ.

"ವೆಂಕಟಸ್ವಾಮಿ, ಇವರಿಗೆ ಯಾರೋ ಬಾಯಿಪಾಠ ಮಾಡಿಸಿದಾರೆ ಕಣಯ್ಯ," ಎಂದರು ಚನ್ನವೀರಪ್ಪ, ಜೀಪು ಹತ್ತುವಾಗ. "ಕೇಳಿದ್ದು ಒಂದು, ಹೇಳೋದು ಇನ್ನೊಂದು. ಮನುಷ್ಯ ಹೇಗೆ ಅಂತ ಕೇಳಿದ್ರೆ ಜೊತೇಲಿದ್ರು ಅಂತ ಯಾಕೆ ಹೇಳಬೇಕು?"

"ಹದಿನೇಳು ಜನಾನೂ ಸೇರಿ ಕದ್ದಿದಾರೆ ಅಂತೀರಾ ಸಾರ್?"

"ಹಂಗಾಗಿದ್ರೆ ನಿನ್ನ ಮುನಿಯಪ್ಪನೂ ಪಾಲುದಾರ. ಅವನ ಜೇಬು ನೋಡು."

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಚನ್ನವೀರಪ್ಪ ಮತ್ತೆ ಅಲಮೇಲಮ್ಮನವರ ಮನೆಗೆ ಹೋದರು. ಅಲಮೇಲಮ್ಮ ಅಡುಗೆಮನೆಯಲ್ಲಿದ್ದರು. ವೆಂಕಟಗಿರಿ ಬೀದಿಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಿವಿ ಹೋದ ಮೇಲೆ ಅವರಿಗೆ ಅದೇ ಉದ್ಯೋಗ, ದಿನವಿಡೀ ಬೀದಿ ನೋಡುವುದು. ಇದನ್ನು ಕಂಡ ಕೂಡಲೇ ಚನ್ನವೀರಪ್ಪನವರಿಗೆ ತಮ್ಮ ಮೇಲೇ ಕೋಪ ಬಂತು. ಮೂರು ದಿನದಿಂದ ಊರನ್ನೆಲ್ಲ ಪ್ರಶ್ನೆ ಕೇಳಿದ್ದಾಯಿತು, ಕೇಳಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಈ ಮನುಷ್ಯನನ್ನು ಯಾರೂ ಏನೂ ಕೇಳಿರಲಿಲ್ಲ.

ಆ ಮನೆಯಲ್ಲಿ ಮಾತುಕತೆಗೆಂದು ಒಂದು ಸ್ಲೇಟು ಇತ್ತು. ಚನ್ನವೀರಪ್ಪ ಬಳಪ ತೆಗೆದುಕೊಂಡು ಬರೆದರು: ನೀವು ಏನಾದರೂ ನೋಡಿದಿರಾ?

"ಕೇಳ್ತೀರೇನೋ ಅಂತ ಸೋಮವಾರದಿಂದ ಕಾಯ್ತಾ ಇದೀನಿ ಸ್ವಾಮಿ!" ಎಂದು ವೆಂಕಟಗಿರಿ ಗುಡುಗಿದರು. ಎದುರು ಮನೆಯ ಬಾಗಿಲು ತೆರೆಯಿತು. "ಒಬ್ಬ ಮನುಷ್ಯ ಬಂದಿದ್ದ. ಸೋಮವಾರ ಸಾಯಂಕಾಲ ಒಂದ್ಸಲ, ನಿನ್ನೆ ಒಂದ್ಸಲ. ಗೇಟಿನ ಹತ್ರ ನಿಂತ. ಕೈಯಲ್ಲಿ ಒಂದು ಪುಟ್ಟ ಪೊಟ್ಟಣ. ನಾನು ಬನ್ನಿ ಒಳಗೆ ಅಂದೆ. ಅವನು ಏನೋ ಬಾಯಿ ಆಡಿಸಿದ. ನನಗೇನು ಕೇಳ್ಸುತ್ತೆ? ಹೊರಟುಹೋದ."

ಯಾರು, ಎಂದು ಸ್ಲೇಟು ಕೇಳಿತು. ವೆಂಕಟಗಿರಿ ಎದ್ದು, ಗೋಡೆಯ ಮೇಲಿನ ಹೊಸ ಫೋಟೋ ಇಳಿಸಿದರು. ಹೊರಡುವ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಹಾರ ಹಾಕಿಕೊಂಡು ತೆಗೆಸಿಕೊಂಡ ಗುಂಪಿನ ಚಿತ್ರ. ಕೊನೆಯಲ್ಲಿ ನಿಂತ, ಎಲ್ಲರಿಗಿಂತ ದೊಡ್ಡ ಹಾರದೊಳಗೆ ಅರ್ಧ ಮುಳುಗಿದ್ದ ತೆಳ್ಳಗಿನ ಮನುಷ್ಯನ ಮೇಲೆ ಬೆರಳಿಟ್ಟರು.

ಸೇತುರಾಮ.

ಕಾಫಿ ಹಿಡಿದು ಬಂದ ಅಲಮೇಲಮ್ಮ ಬೆರಳು ನೋಡಿ ನಿಂತುಬಿಟ್ಟರು. "ಅವರಾ? ಛೇ, ಇರಲಾರದು. ಅವರು ತುಂಬಾ ನೊಂದ..." ಎಂದು ಬಾಯಿ ಮುಚ್ಚಿಕೊಂಡರು.

"ನೊಂದ ಏನಮ್ಮ?"

"ಏನಿಲ್ಲ. ಒಳ್ಳೇ ಮನುಷ್ಯರು. ಎಲ್ಲಾ ಕಡೆ ನಮ್ಮ ಜೊತೇಲೇ ಇದ್ರು."

ಚನ್ನವೀರಪ್ಪ ಕಾಫಿ ಕುಡಿದು ಎದ್ದರು.

ಅದೇ ಸಂಜೆ ಐದೂವರೆಗೆ, ಕಾರ್ಖಾನೆ ಬಿಡುವ ಹೊತ್ತು ನೋಡಿಕೊಂಡು, ಪೊಲೀಸರು ಪ್ರಕಾಶನಗರದ ವಠಾರಕ್ಕೆ ಹೋದರು. ಮೇ ತಿಂಗಳ ಇಳಿಬಿಸಿಲು ಗೋಡೆ ದಾಟಿ ಹೋಗಿತ್ತು, ಆದರೂ ನಲ್ಲಿಯ ಹತ್ತಿರ ನಿಂತಿದ್ದ ಲಿಂಗಮ್ಮ ಎಂಬ ಮುದುಕಿ ಛತ್ರಿ ಬಿಚ್ಚಿಕೊಂಡಿದ್ದಳು. ಮುನಿಯಪ್ಪ ನೋಡುತ್ತಿದ್ದಂತೆ ಅದನ್ನು ಮಡಿಸಿದಳು, ಇನ್ನೊಮ್ಮೆ ಮಡಿಸಿದಳು, ಮತ್ತೂ ಒಮ್ಮೆ ಮಡಿಸಿ ಅಂಗೈಯಲ್ಲಿ ಹಿಡಿದಳು.

"ಸೇತುರಾಮಣ್ಣ ತಂದ್ಕೊಟ್ಟಿದ್ದು. ಸಿಂಗಪುರದ್ದು," ಎಂದಳು, ಕೇಳದೆಯೇ.

ಮನೆ ಎಂದರೆ ಒಂದೂವರೆ ಕೋಣೆ. ಬಾಗಿಲಿಗೆ ಬಂದ ಹೆಂಗಸು ಸೇತುರಾಮನ ಹೆಂಡತಿ ಸತ್ಯವತಿ. ಉಟ್ಟಿದ್ದು ಗಿಳಿಹಸಿರು ನೈಲಾನ್ ಸೀರೆ. ಹೊಸ ಸೀರೆ ಮುದುಡದ ಹಾಗೆ ಅವಳು ಮೆಲ್ಲಗೆ ನಡೆಯುತ್ತಿದ್ದಳು. ಸೇತುರಾಮ ಕೆಲಸದಿಂದ ಆಗ ತಾನೇ ಬಂದು ಅಂಗಿಯ ಗುಂಡಿ ಬಿಚ್ಚುತ್ತಿದ್ದವನು ಮತ್ತೆ ಹಾಕಿಕೊಂಡ. ಬೆಂಚಿನ ಮೇಲೆ ಎರಡು ನೀಲಿ ಪೆಟ್ಟಿಗೆಗಳು ಒಂದರ ಪಕ್ಕ ಒಂದು ಇದ್ದವು.

"ಎರಡೂ ನಿಮ್ಮದಾ?"

"ಹೌದು ಸಾರ್. ಸಾಮಾನು ಜಾಸ್ತಿ ಆಯ್ತು ಅಂತ..."

"ಸಿಂಗಪುರ ಹೇಗಿತ್ತು?"

ಸೇತುರಾಮ ಹೇಳತೊಡಗಿದ. ಬೀದಿಗಳು ಹೇಗೆ, ದೀಪಗಳು ಹೇಗೆ, ಬಂದರಿನಲ್ಲಿ ನಿಂತ ಹಡಗುಗಳು ರಾತ್ರಿ ಹೇಗೆ ಕಾಣುತ್ತವೆ, ಹಕ್ಕಿಗಳ ತೋಟದಲ್ಲಿ ಯಾವ ಬಣ್ಣದ ಗಿಳಿ ಯಾರ ಹೆಗಲ ಮೇಲೆ ಕೂತಿತು. ಮಂಗಳವಾರ ಇಡೀ ತಿರುಗಿ ಚನ್ನವೀರಪ್ಪ ಕೇಳಿದ್ದು ಬರೀ ಸಾರಿನ ಕತೆ. ಈಗ ಮೊದಲ ಸಲ ಅವರಿಗೆ ಆ ಊರು ಕಣ್ಣಿಗೆ ಕಟ್ಟಿತು. ವೆಂಕಟಸ್ವಾಮಿ ಪೆನ್ಸಿಲು ಮರೆತು ಬಾಯಿ ತೆರೆದಿದ್ದ. ಬಾಗಿಲಲ್ಲಿ ನಿಂತ ಸತ್ಯವತಿಯ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ ಮುಂದಿನ ಪ್ರಶ್ನೆ ಕೇಳಲು ಚನ್ನವೀರಪ್ಪನವರಿಗೆ ಮನಸ್ಸೇ ಬರಲಿಲ್ಲ.

"ತಾಯಿ, ಕುಡಿಯೋಕೆ ಸ್ವಲ್ಪ ನೀರು ತರ್ತೀರಾ?" ಎಂದರು. ಅವಳು ಒಳಗೆ ಹೋದಳು.

"ಮದ್ರಾಸಿನಲ್ಲಿ ಕಸ್ಟಮ್ಸ್ ತಪಾಸಣೆ ಆಯ್ತಾ?"

"ಆಯ್ತು ಸಾರ್. ಒಂದೊಂದೂ ತೆಗೆಸಿ ನೋಡಿದ್ರು."

"ನೋಡಿ ಏನು ಮಾಡಿದ್ರು?"

"ಸೀಮೆಸುಣ್ಣದಲ್ಲಿ ಗೀಟು ಹಾಕಿದ್ರು."

"ಎಲ್ಲಾ ಪೆಟ್ಟಿಗೆಗೂ?"

"ಎಲ್ಲಾದಕ್ಕೂ."

ಚನ್ನವೀರಪ್ಪ ಬೆಂಚಿನ ಕಡೆ ತಿರುಗಿದರು. ಎಡಗಡೆಯ ಪೆಟ್ಟಿಗೆಯ ಮೇಲೆ ಗೀಟು ದಪ್ಪಗೆ ಇತ್ತು. ಬಲಗಡೆಯದರ ಮೇಲೆ ಏನೂ ಇರಲಿಲ್ಲ. ಅಂಗಡಿಯಿಂದ ತಂದ ದಿನದ ಹೊಳಪು ಹಾಗೇ ಇತ್ತು.

"ಇದಕ್ಕೆ?"

ಸೇತುರಾಮ ನೆಲದ ಮೇಲೆ ಕೂತುಬಿಟ್ಟ.

"ನಾನು ಹೋಗಲೇ ಇಲ್ಲ ಸಾರ್," ಎಂದ.

ಸೂಜಿ. ಇಷ್ಟಕ್ಕೆಲ್ಲ ಮೂಲ ಒಂದು ಸೂಜಿ. ಹೊರಡುವ ಮುಂಚೆ ಎಲ್ಲರೂ ಕಾಲರಾ ಚುಚ್ಚುಮದ್ದು ಹಾಕಿಸಿಕೊಂಡು ಆರೋಗ್ಯದ ಕಾರ್ಡಿಗೆ ಸೀಲು ಹಾಕಿಸಬೇಕಿತ್ತು. ಸೇತುರಾಮ ಕಾರ್ಖಾನೆಯ ಗೋಡೌನಿನಲ್ಲಿ ಹಾವು ಹಿಡಿದು ಆಚೆ ಬಿಟ್ಟ ಗಂಡಸು, ಆದರೆ ಸೂಜಿ ಕಂಡರೆ ಬಾಗಿಲು ಹುಡುಕುತ್ತಿದ್ದ. ಮೂರು ಸಲ ಆಸ್ಪತ್ರೆಯ ಸಾಲಿನಲ್ಲಿ ನಿಂತು ಮೂರು ಸಲವೂ ವಾಪಸು ಬಂದ. ಜಗನ್ನಾಥ ಕೇಳಿದಾಗ ಆಗಿದೆ ಎಂದ. ಜಗನ್ನಾಥ ಕಾರ್ಡು ತೆಗೆದು ನೋಡಲಿಲ್ಲ. ಮದ್ರಾಸಿನ ವಿಮಾನ ನಿಲ್ದಾಣದಲ್ಲಿ ಆರೋಗ್ಯಾಧಿಕಾರಿ ತೆಗೆದು ನೋಡಿದರು. ಈಗ ಹಾಕಿಸಿಕೊಂಡರೂ ಆರು ದಿನ ಕಳೆಯದೆ ಬಿಡುವಂತಿಲ್ಲ ಎಂದರು.

"ವಾಪಸ್ ಬಂದಿದ್ರೆ ಆಗಿತ್ತಲ್ಲಯ್ಯ?"

"ಹೇಗೆ ಬರಲಿ ಸಾರ್? ಮಾಲೀಕರು ಸ್ಟೇಷನ್ನಿಗೆ ಬಂದು ಹಾರ ಹಾಕಿದ್ರು. ಬ್ಯಾಂಡು ತರಿಸಿದ್ರು. ಸೂಜಿಗೆ ಹೆದರಿ ವಾಪಸ್ ಬಂದೆ ಅಂತ ಹೇಳಲಾ?"

ಹತ್ತು ದಿನ ಮದ್ರಾಸಿನಲ್ಲೇ, ಎಗ್ಮೋರಿನ ಒಂದು ಛತ್ರದಲ್ಲಿ ಇದ್ದ. ಗುಂಪು ಮರಳಿ ಬಂದ ದಿನ ನಿಲ್ದಾಣಕ್ಕೆ ಹೋಗಿ ಅವರನ್ನು ಕೂಡಿಕೊಂಡ. ಮದ್ರಾಸಿನಿಂದ ಬೆಂಗಳೂರಿನ ತನಕದ ಟಿಕೆಟು ಅವನ ಹೆಸರಿನಲ್ಲಿ ಇದ್ದೇ ಇತ್ತು. ಅವನ ಮುಖ ನೋಡಿ ಎಲ್ಲರಿಗೂ ಕರುಳು ಚುರ್ ಎಂದಿತು. ಯಾರೂ ಬಾಯಿ ಬಿಡಬಾರದು ಎಂದು ಅಲ್ಲೇ ಒಪ್ಪಂದವಾಯಿತು. ಬಾಯಿ ಬಿಟ್ಟರೆ ತಮ್ಮ ಸಂಘದ ಮಾನವೂ ಹೋಗುತ್ತದೆ ಎಂದು ಜಗನ್ನಾಥ ಎರಡು ಸಲ ಹೇಳಿದರು.

ಆಮೇಲೆ ಆ ವಿಮಾನದೊಳಗೆ ನಡೆದದ್ದು ಒಂದು ಪಾಠಶಾಲೆ. ಅಲಮೇಲಮ್ಮ ಪಕ್ಕದ ಸೀಟಿನಲ್ಲಿ ಕೂತು ಬೀದಿ, ಅಂಗಡಿ, ಹಕ್ಕಿತೋಟ ಎಲ್ಲ ಹೇಳಿಕೊಟ್ಟರು. ಉಳಿದವರು ಸರದಿಯ ಮೇಲೆ ಎದ್ದು ಬಂದು, ಬಂದರು ಮರೀಬೇಡಿ, ಮೀನಿನ ತೊಟ್ಟಿ ಮರೀಬೇಡಿ ಎಂದು ಸೇರಿಸಿದರು. ಬೆಲ್ಟು ಕಟ್ಟಿಕೊಂಡು ಕೂತ್ಕೊಳ್ಳಿ ಎಂದು ಗಗನಸಖಿ ಎಷ್ಟು ಬೇಡಿದರೂ ಯಾರೂ ಕೇಳಲಿಲ್ಲ. ಸೇತುರಾಮ ತನ್ನ ಜೀವನದ ಮೊದಲ ವಿಮಾನ ಪ್ರಯಾಣದಲ್ಲಿ ಒಮ್ಮೆಯೂ ಕಿಟಕಿಯಾಚೆ ನೋಡದೆ ಪಾಠ ಒಪ್ಪಿಸಿದ.

"ಸರಿ. ಪೆಟ್ಟಿಗೆ?"

"ಕದಿಯಲಿಲ್ಲ ಸಾರ್, ಸತ್ಯವಾಗಿ. ಕಾರ್ಖಾನೆ ಹುಡುಗರು ಬಂದಿದ್ರು. ಕೈಗೆ ಸಿಕ್ಕಿದ ಎರಡು ನೀಲಿ ಪೆಟ್ಟಿಗೆ ಆಟೋಗೆ ಹಾಕಿದ್ರು. ಮನೆಗೆ ಬಂದಾಗಲೇ ನಾನು ನೋಡಿದ್ದು."

ಮನೆಯಲ್ಲಿ ಇಡೀ ವಠಾರ ಕಾದಿತ್ತು. ಫಾರಿನ್ನಿನಿಂದ ಬಂದವರ ಪೆಟ್ಟಿಗೆ ತೆಗೆಯುವುದನ್ನು ನೋಡದೆ ಊಟಕ್ಕೆ ಏಳುವವರು ಆ ಕಾಲದಲ್ಲಿ ಯಾರಿದ್ದರು? ಸೇತುರಾಮನ ಪೆಟ್ಟಿಗೆಯಲ್ಲಿ ಇದ್ದದ್ದು ಕೊಳೆ ಪಂಚೆ. ಅದನ್ನು ಹೇಗೆ ತಪ್ಪಿಸುವುದೆಂದು ಅವನು ಬೆವರುತ್ತಿರುವಾಗ, ಮಕ್ಕಳು ಅವನ ಜೇಬಿನಿಂದ ಕೀ ಕಿತ್ತುಕೊಂಡು ಇನ್ನೊಂದನ್ನು ತೆಗೆದುಬಿಟ್ಟವು. ಕೀ ಸಲೀಸಾಗಿ ತಿರುಗಿತು. ಮೇಲೇ ಇತ್ತು ಗಿಳಿಹಸಿರು ಸೀರೆ. ಸತ್ಯವತಿ ಅದನ್ನು ಎತ್ತಿ ಎದೆಗೆ ಹಿಡಿದುಕೊಂಡು, ಅಷ್ಟು ಜನರ ನಡುವೆ ನಾಚಿಕೆ ಬಿಟ್ಟು, "ನನಗಾ?" ಎಂದಳು.

"ಹೂಂ ಅಂದೆ ಸಾರ್," ಎಂದ ಸೇತುರಾಮ. "ಆಮೇಲೆ ಎಲ್ಲಾರೂ ಕೇಳ್ತಾ ಹೋದ್ರು. ಎಲ್ಲಾದಕ್ಕೂ ಹೂಂ ಅಂದೆ. ಅಡಿಯಲ್ಲಿ ಕಿವಿ ಮಿಶನ್ ಕಂಡಾಗ ಪೆಟ್ಟಿಗೆ ಯಾರದು ಅಂತ ಗೊತ್ತಾಯ್ತು. ವಿಮಾನದಲ್ಲಿ ಅಮ್ಮ ಅದರ ವಿಷಯ ನನಗೆ ಹೇಳಿದ್ರು. ಸೋಮವಾರ ಜಗನ್ನಾಥರು ಬಂದು ಕೇಳಿದಾಗ ಇಲ್ಲ ಅಂದೆ. ಅದನ್ನ ಮಾತ್ರ ಕೊಟ್ಟುಬಿಡೋಣ ಅಂತ ಎರಡು ಸಲ ಹೋದೆ. ಆ ಯಜಮಾನರ ಹತ್ರ ಎಲ್ಲಾ ಹೇಳಿಬಿಟ್ಟೆ, ಗೇಟಿನಲ್ಲೇ ನಿಂತು. ಅವರು ನಗ್ತಾ ಬನ್ನಿ ಬನ್ನಿ ಅಂದ್ರು. ನಾಚಿಕೆ ಆಗಿ ಓಡಿಬಂದೆ."

ಗೀಟಿಲ್ಲದ ಪೆಟ್ಟಿಗೆಯೊಳಗೆ, ತೊಳೆದ ಬನಿಯನ್ನಿನಲ್ಲಿ ಮೂರು ಸುತ್ತು ಸುತ್ತಿ, ಮಿಶನ್ನು ಕ್ಷೇಮವಾಗಿತ್ತು. ಅದು ಕೈಗೆ ಬಂದಾಗ ಚನ್ನವೀರಪ್ಪ ಉಸಿರು ಬಿಟ್ಟರು. ತಿರುಗಿ ನೋಡಿದರೆ ಸತ್ಯವತಿ ನೀರಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಅವಳು ಚೊಂಬು ಕೆಳಗಿಟ್ಟು ಒಳಗೆ ಹೋದಳು, ಹಳೇ ಹತ್ತಿ ಸೀರೆ ಉಟ್ಟುಕೊಂಡು ಬಂದು, ಗಿಳಿಹಸಿರು ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಪಂಚರಾಗಿ ಕರೆಸಿದ್ದ ನೆರೆಯವರ ಮುಂದೆ ಇಟ್ಟಳು. ಲಿಂಗಮ್ಮನೂ ಛತ್ರಿ ತಂದು ಇಟ್ಟಳು. ಚಾಕೊಲೇಟು ಮಾತ್ರ ವಶಪಡಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಪಂಚನಾಮೆ ಮುಗಿದಾಗ ಏಳು ಗಂಟೆ. ಸೇತುರಾಮನನ್ನು ದಸ್ತಗಿರಿ ಮಾಡಲಾಯಿತು. ಅಷ್ಟು ಹೊತ್ತೂ ಸತ್ಯವತಿ ಗಂಡನ ಹತ್ತಿರ ಒಂದು ಮಾತೂ ಆಡಲಿಲ್ಲ.

ಸುದ್ದಿ ತಿಳಿದು ಅಲಮೇಲಮ್ಮ ಠಾಣೆಗೆ ಧಾವಿಸಿ ಬಂದರು. "ದೂರು ವಾಪಸ್ ತಗೋತೀನಿ ಸಾರ್. ಅದನ್ನ ಅಳಿಸಿಹಾಕಿ."

"ಎಫ್.ಐ.ಆರ್. ಅಂದ್ರೆ ನಿಮ್ಮ ಮನೆ ಸ್ಲೇಟಲ್ಲಮ್ಮ, ಒರೆಸೋಕೆ," ಎಂದರು ಚನ್ನವೀರಪ್ಪ. ಆದರೆ ಗುರುವಾರ ಬೆಳಿಗ್ಗೆ ನ್ಯಾಯಾಧೀಶರಿಗೆ ಸಲ್ಲಿಸಿದ ವರದಿಯಲ್ಲಿ ಅವರು ೩೭೯ ಬಿಟ್ಟು ೪೦೩ ಎಂದು ಬರೆದಿದ್ದರು. ತಪ್ಪಿ ಕೈಗೆ ಬಂದ ಪರರ ವಸ್ತುವನ್ನು ಕೊಡದೆ ಇಟ್ಟುಕೊಂಡದ್ದು, ಕದ್ದದ್ದಲ್ಲ. ದೂರುದಾರರು ಒಪ್ಪಿದರೆ ಮುಂದೆ ರಾಜಿಗೂ ಅವಕಾಶ ಉಂಟು. ನ್ಯಾಯಾಧೀಶರು ಜಾಮೀನು ಕೊಟ್ಟರು. ಜಾಮೀನಿಗೆ ನಿಂತವರು ಜಗನ್ನಾಥ. ಅವರು ಈ ಸಲ ಬೆವರಿದ್ದಕ್ಕೆ ಕಾರಣವಿತ್ತು, ಚನ್ನವೀರಪ್ಪ ಬೆಳಿಗ್ಗೆ ಅವರನ್ನು ಪ್ರತ್ಯೇಕವಾಗಿ ಕೂರಿಸಿ ಕಾರ್ಡು ನೋಡದ ವಿಷಯ ಮಾತಾಡಿದ್ದರು. ಮಿಶನ್ನನ್ನು ಕೂಡಲೇ ದೂರುದಾರರಿಗೆ ಒಪ್ಪಿಸುವಂತೆ ಆದೇಶವೂ ಆಯಿತು.

ಕೋರ್ಟಿನ ಅಂಗಳದಲ್ಲಿ, ಹೊಂಗೆ ಮರದ ಕೆಳಗೆ, ಅಲಮೇಲಮ್ಮ ಅದನ್ನು ಗಂಡನ ಕಿವಿಯ ಹಿಂದೆ ಕೂರಿಸಿ, ತಿರುಪು ತಿರುಗಿಸಿ, ಗಂಟಲು ಹರಿಯುವಂತೆ ಕೂಗಿದರು: "ಕೇಳ್ಸುತ್ತೇನ್ರೀ?"

ವೆಂಕಟಗಿರಿ ಬೆಚ್ಚಿಬಿದ್ದರು. ಸುತ್ತಲೂ ನೋಡಿದರು. "ಮೆಲ್ಲಗೆ ಮಾತಾಡೇ! ಇದೇನು ಹೀಗೆ ಕಿರುಚ್ತೀಯ, ಕೋರ್ಟು ಇದು."

"ಮೆಲ್ಲಗಾ? ಮೂರು ವರ್ಷ ನಿಮಗೋಸ್ಕರ ಕಿರುಚಿ ಕಿರುಚಿ ನನ್ನ ಗಂಟಲು ಹೋಯ್ತು, ಈಗ ಮೆಲ್ಲಗಂತೆ!"

"ನಾನೇನು ಕಿರುಚು ಅಂದಿದ್ನಾ? ಸ್ಲೇಟು ಇರಲಿಲ್ವಾ?"

"ಸ್ಲೇಟಿನಲ್ಲಿ ಬೈಯೋಕಾಗುತ್ತಾ?" ಎಂದರು ಅಲಮೇಲಮ್ಮ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಗೇಟಿನ ತನಕವೂ ಇಬ್ಬರ ಜಗಳ ಕೇಳಿಸುತ್ತಲೇ ಇತ್ತು. ಚನ್ನವೀರಪ್ಪನವರಿಗೆ ಆ ವರ್ಷ ಅಷ್ಟು ಸಂತೋಷ ಇನ್ನಾವ ಕೇಸಿನಲ್ಲೂ ಆಗಲಿಲ್ಲ.

ಮರದ ಇನ್ನೊಂದು ಪಕ್ಕ ಸೇತುರಾಮ ನಿಂತಿದ್ದ. ಸತ್ಯವತಿ ಊಟದ ಕ್ಯಾರಿಯರ್ ಹಿಡಿದುಕೊಂಡು ಅವನ ಹತ್ತಿರ ಬಂದಳು. ಇನ್ಸ್‌ಪೆಕ್ಟರ್ ದೂರ ಸರಿಯಬೇಕೆಂದುಕೊಂಡರು, ಆದರೆ ಸಹಿ ಹಾಕಿಸಬೇಕಾದ ಕಾಗದ ಕೈಯಲ್ಲಿತ್ತು.

"ಹತ್ತು ದಿನ ಊಟ ಎಲ್ಲಿ ಮಾಡಿದ್ರಿ?" ಎಂದಳು ಸತ್ಯವತಿ. ನಿನ್ನೆ ಸಂಜೆಯಿಂದ ಅವಳು ಗಂಡನೊಡನೆ ಆಡಿದ ಮೊದಲ ಮಾತು ಅದು.

"ಛತ್ರದ ಹತ್ರ ಒಂದು ಮೆಸ್ಸಿತ್ತು."

"ದಿನವೆಲ್ಲ ಏನು ಮಾಡ್ತಿದ್ರಿ?"

"ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೋಗಿ ಬೇಲಿ ಹತ್ರ ನಿಂತು ವಿಮಾನ ಏರೋದು ನೋಡ್ತಿದ್ದೆ. ಐದನೇ ದಿನ ಆಸ್ಪತ್ರೆಗೆ ಹೋಗಿ ಸೂಜಿನೂ ಹಾಕಿಸ್ಕೊಂಡೆ." ಅವನು ತೋಳು ಮುಟ್ಟಿಕೊಂಡ. "ಅಷ್ಟೇನೂ ನೋವಾಗಲಿಲ್ಲ ಕಣೇ. ಸಾಯಂಕಾಲ ಸಮುದ್ರದ ಹತ್ರ ಹೋಗ್ತಿದ್ದೆ. ಕತ್ತಲಾಗೋ ತನಕ ಅಲ್ಲೇ."

ಸತ್ಯವತಿ ಅವನನ್ನೇ ನೋಡಿದಳು. ಅವಳಿಗೆ ಅಲ್ಲಿಯ ತನಕ ಬಾರದ ಅಳು ಈಗ ಬಂತು.

"ಒಬ್ಬರೇ ಕೂತಿದ್ರಾ? ಒಂದು ಕಾಗದ ಹಾಕಿದ್ರೆ ನಾನೂ ಬಂದುಬಿಡ್ತಿದ್ದೆನಲ್ರೀ. ನಾನು ಸಮುದ್ರ ನೋಡೇ ಇಲ್ಲ."